ಹೆಸರಿನ ಪಕ್ಕದ ‘ಜಿ’ ಅಕ್ಷರ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾವು ಮೂರು ವರ್ಷದ ಹಿಂದೆ ಕೊಂಡ ತೋಟದ ಹಳೆಯ ಬಂಗಲೆಯ ಅಟ್ಟದಲ್ಲಿ, ಗೆದ್ದಲು ಅರ್ಧ ತಿಂದ ಒಂದು ಪುಸ್ತಕ ಸಿಕ್ಕಿತು. ಬಿಡಿಸಿ ನೋಡಿದರೆ ಅದು 1908ರ ಬ್ರಿಟಿಷ್ ನೌಕಾಪಡೆಯ ಅಧಿಕಾರಿಗಳ ಪಟ್ಟಿ. ಕೆಲವು ಲೆಫ್ಟಿನೆಂಟರ ಹೆಸರಿನ ಪಕ್ಕದಲ್ಲಿ ‘ಜಿ’ ಎಂಬ ಇಂಗ್ಲಿಷ್ ಅಕ್ಷರವಿದೆ. ಅಂಥ ಒಂದು ಹೆಸರಿನ ಕೆಳಗೆ ಯಾರೋ ಪೆನ್ಸಿಲಿನಿಂದ ಗೆರೆ ಎಳೆದಿದ್ದಾರೆ. ಆ ಅಕ್ಷರದ ಅರ್ಥವೇನು? ಅದನ್ನು ಪಡೆದವರ ಉದ್ಯೋಗ ಹೇಗೆ ಸಾಗುತ್ತಿತ್ತು?
— ಒಬ್ಬ ಕಾಫಿ ಬೆಳೆಗಾರರು, ಪಾಲಿಬೆಟ್ಟ

ಉತ್ತರ: ‘ಜಿ’ ಎಂದರೆ ಗನ್ನರಿ. ಆ ಅಧಿಕಾರಿ ತೋಪುಗಾರಿಕೆಯ ಶಾಲೆಯಲ್ಲಿ ದೀರ್ಘ ತರಬೇತಿ ಮುಗಿಸಿದ್ದಾನೆ, ಒಂದು ಯುದ್ಧನೌಕೆಯ ಎಲ್ಲ ಫಿರಂಗಿಗಳ ಹೊಣೆಯನ್ನು ಅವನಿಗೆ ಒಪ್ಪಿಸಬಹುದು ಎಂಬುದಕ್ಕೆ ಅದು ಗುರುತು. ಶಾಲೆ ಇದ್ದದ್ದು ಪೋರ್ಟ್ಸ್‌ಮತ್ ಬಂದರಿನ ವೇಲ್ ಐಲೆಂಡ್ ಎಂಬ ದ್ವೀಪದಲ್ಲಿ. 1830ರಲ್ಲಿ ಹಡಗೊಂದರ ಮೇಲೆಯೇ ಆರಂಭವಾದದ್ದರಿಂದ, 1891ರಲ್ಲಿ ನೆಲಕ್ಕೆ ಇಳಿದ ಮೇಲೂ ಅದಕ್ಕೆ ಎಚ್‌.ಎಂ.ಎಸ್. ಎಕ್ಸಲೆಂಟ್ ಎಂಬ ಹಡಗಿನ ಹೆಸರೇ ಉಳಿಯಿತು. ಇಳಿದ ನೆಲವೂ ಬಹುಪಾಲು ಕೈಯಿಂದ ಮಾಡಿದ್ದು: ಬಂದರಿನಲ್ಲಿ ಹೊಸ ಹಡಗುಕಟ್ಟೆಗಳನ್ನು ತೋಡಿದಾಗ ಬಂದ ಕೆಸರನ್ನು ಸುರಿದು ಸುರಿದು ಆ ದ್ವೀಪವನ್ನು ಹಿಗ್ಗಿಸಲಾಗಿತ್ತು. ಕಾಲಿಗೆ ಚರ್ಮದ ಪಟ್ಟಿ ಬಿಗಿದುಕೊಂಡು, ಒಂದು ಕಡೆಯಿಂದ ಇನ್ನೊಂದು ಕಡೆಗೆ ನಡೆಯದೆ ಓಡುತ್ತಲೇ ಹೋಗಬೇಕಾದ ಶಿಸ್ತಿಗೆ ಆ ಶಾಲೆ ಹೆಸರಾಗಿತ್ತು.

ಆ ಕಾಲದ ಹುಡುಗ ಹದಿಮೂರನೆಯ ವಯಸ್ಸಿನ ಆಸುಪಾಸಿನಲ್ಲಿ ಡಾರ್ಟ್‌ಮತ್‌ನ ಬ್ರಿಟಾನಿಯಾ ತರಬೇತಿ ನೌಕೆಯನ್ನು ಸೇರಿ, ಮಿಡ್‌ಶಿಪ್‌ಮನ್ ಆಗಿ ಕೆಲವು ವರ್ಷ ಸಮುದ್ರದಲ್ಲಿ ಕಳೆದು, ಪರೀಕ್ಷೆಗಳನ್ನು ದಾಟಿ, ಇಪ್ಪತ್ತರ ನಂತರ ಲೆಫ್ಟಿನೆಂಟ್ ಆಗುತ್ತಿದ್ದ. ಅಲ್ಲಿ ದಾರಿ ಕವಲೊಡೆಯುತ್ತಿತ್ತು. ಫಿರಂಗಿ, ಟಾರ್ಪೆಡೊ, ನಾವಿಕವಿದ್ಯೆ ಇವುಗಳಲ್ಲಿ ಒಂದನ್ನು ಹಿಡಿದು ಪರಿಣತನಾಗಬಹುದಿತ್ತು. ಯಾವುದನ್ನೂ ಹಿಡಿಯದೆ ಸಾಮಾನ್ಯ ಅಧಿಕಾರಿಯಾಗಿಯೇ ಉಳಿಯಲೂಬಹುದಿತ್ತು. ಬಡ್ತಿಯ ಮೇಲೆ ಕಣ್ಣಿಟ್ಟವರನ್ನು ಫಿರಂಗಿಯ ದಾರಿ ಎಳೆಯುತ್ತಿದ್ದುದಕ್ಕೆ ಕಾರಣ ಕಣ್ಣೆದುರೇ ಇತ್ತು. ನೌಕಾಪಡೆಯನ್ನೇ ಅಡಿಮೇಲು ಮಾಡಿದ ಜಾನ್ ಫಿಷರ್ 1883ರಲ್ಲಿ ಅದೇ ಶಾಲೆಯ ಕ್ಯಾಪ್ಟನ್ ಆಗಿದ್ದವರು. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿನ ಮುಖ್ಯ ನೌಕಾಸಮೂಹವಾದ ಇಡೀ ಗ್ರ್ಯಾಂಡ್ ಫ್ಲೀಟನ್ನು ನಡೆಸಿದ ಜಾನ್ ಜೆಲಿಕೊ ಕೂಡ ಆ ಶಾಲೆಯ ಗರಡಿಯಲ್ಲಿ ಪಳಗಿದವರೇ.

ಆದರೆ ಆ ಅಕ್ಷರದ ಹಿಂದಿನ ಕೆಲಸ 1895ರಲ್ಲಿ ಇದ್ದಂತೆ 1915ರಲ್ಲಿ ಇರಲಿಲ್ಲ. ಇಪ್ಪತ್ತೇ ವರ್ಷದಲ್ಲಿ ಗುರಿಕಾರನ ಕೈಚಳಕ ಹಿಂದೆ ಸರಿದು ಲೆಕ್ಕಾಚಾರ ಮುಂದೆ ಬಂತು. ಇದು ಇಬ್ಬರ ಜೀವನದಲ್ಲಿ ಚೆನ್ನಾಗಿ ಕಾಣುತ್ತದೆ. ಒಬ್ಬರು ಪರ್ಸಿ ಸ್ಕಾಟ್, ಇನ್ನೊಬ್ಬರು ಅವರಿಗಿಂತ ಇಪ್ಪತ್ತೈದು ವರ್ಷ ಕಿರಿಯರಾದ ಫ್ರೆಡರಿಕ್ ಡ್ರೇಯರ್.

1853ರಲ್ಲಿ ಹುಟ್ಟಿದ ಸ್ಕಾಟ್ 1896ರಲ್ಲಿ ಸಿಲ್ಲಾ ಎಂಬ ಪುಟ್ಟ ಕ್ರೂಸರಿನ ಕ್ಯಾಪ್ಟನ್ ಆಗಿ ಮೆಡಿಟರೇನಿಯನ್‌ಗೆ ಹೋದರು. ಹಡಗು ಹೊರಳುವಾಗ ಗುರಿ ದುರ್ಬೀನಿನೆದುರು ಹಾದುಹೋಗುವ ಆ ಒಂದು ಕ್ಷಣಕ್ಕಾಗಿ ಕಾದು ಗುಂಡು ಹಾರಿಸುವುದು ಅಲ್ಲಿಯವರೆಗಿನ ಪದ್ಧತಿ. ಆ ಕ್ಷಣ ತಪ್ಪಿದರೆ ಇನ್ನೊಂದು ಹೊರಳಿನವರೆಗೆ ಕಾಯಬೇಕು. ಅಭ್ಯಾಸದ ವೇಳೆ ಬಹುತೇಕ ಎಲ್ಲರೂ ಗುರಿ ತಪ್ಪುತ್ತಿದ್ದರೂ ಒಬ್ಬ ಗುರಿಕಾರನ ಗುಂಡುಗಳು ಮಾತ್ರ ಬೀಳಬೇಕಾದ ಕಡೆಯೇ ಬೀಳುತ್ತಿದ್ದುದನ್ನು ಸ್ಕಾಟ್ ಗಮನಿಸಿದರು. ಅವನು ಕಾಯುತ್ತಿರಲಿಲ್ಲ, ಹಡಗು ಎತ್ತ ಹೊರಳಿದರೂ ಫಿರಂಗಿಯನ್ನು ಏರಿಸಿ ಇಳಿಸುವ ಚಕ್ರವನ್ನು ಅದಕ್ಕೆ ಸರಿಯಾಗಿ ತಿರುಗಿಸುತ್ತ ಗುರಿಯನ್ನು ದುರ್ಬೀನಿನಿಂದ ಜಾರಲು ಬಿಡುತ್ತಲೇ ಇರಲಿಲ್ಲ. ಮೇಲಧಿಕಾರಿ ಎನಿಸಿಕೊಂಡವನು ತನ್ನ ಕೈಕೆಳಗಿನವನಿಂದ ಕಲಿಯಲು ಸಿದ್ಧನಿರುವುದು ಯಾವ ಪಡೆಯಲ್ಲೂ ಅಪರೂಪ. ಸ್ಕಾಟ್ ಕಲಿತರು. ಚಕ್ರದ ಹಲ್ಲುಗಳ ಲೆಕ್ಕ ಬದಲಿಸಿ ಅದು ಹಗುರವಾಗಿ ತಿರುಗುವಂತೆ ಮಾಡಿದರು, ಒಳ್ಳೆಯ ದುರ್ಬೀನು ಹಾಕಿಸಿದರು, ಗುಂಡು ಖರ್ಚಿಲ್ಲದೆ ಅಭ್ಯಾಸ ಮಾಡಿಸಲು ಒಂದು ಉಪಕರಣವನ್ನೂ ಕಟ್ಟಿದರು. ಫಿರಂಗಿಯ ಬಾಯಿಯ ಮುಂದೆ ಒಂದು ಚಿಕ್ಕ ಗುರಿ ಮೇಲೆ ಕೆಳಗೆ ಚಲಿಸುತ್ತಿರುತ್ತದೆ. ಗುರಿಕಾರ ಕುದುರೆ (ಟ್ರಿಗರ್) ಎಳೆದೊಡನೆ ಪೆನ್ಸಿಲೊಂದು ಕಾಗದದ ಮೇಲೆ ಚುಕ್ಕೆ ಇಡುತ್ತದೆ. ತಪ್ಪಿದ್ದು ಎಷ್ಟು, ಯಾವ ಕಡೆಗೆ ಎಂಬುದು ಆ ಕಾಗದದಲ್ಲೇ ದಾಖಲಾಗಿರುತ್ತದೆ, ವಾದಕ್ಕೆ ಎಡೆಯಿಲ್ಲ.

ನೌಕಾಪಡೆಯ ಹಡಗುಗಳು ನೂರಕ್ಕೆ ಮೂವತ್ತರಷ್ಟು ಗುರಿ ಮುಟ್ಟಿದರೆ ಸಾಕೆನ್ನುತ್ತಿದ್ದ ಕಾಲದಲ್ಲಿ, 1899ರ ವಾರ್ಷಿಕ ಪಂದ್ಯದಲ್ಲಿ ಸಿಲ್ಲಾ ಹಾರಿಸಿದ 70 ಗುಂಡುಗಳಲ್ಲಿ 56 ಗುರಿ ಮುಟ್ಟಿದವು. ಸಂಖ್ಯೆಯಲ್ಲೇನೋ ಮೋಸವಿದೆ ಎಂದು ಶಂಕಿಸಿದವರಿದ್ದರು. ಸ್ಕಾಟ್ ಮುಂದೆ ಟೆರಿಬಲ್ ಎಂಬ ದೊಡ್ಡ ಕ್ರೂಸರಿಗೆ ಹೋಗಿ ಚೀನಾ ಕಡಲಲ್ಲಿ ಅದನ್ನೇ ಮತ್ತೆ ಮಾಡಿ ತೋರಿಸಿದಾಗ ಬಾಯಿಗಳು ಮುಚ್ಚಿದವು. ಅಲ್ಲಿಗೆ ಹೋಗುವ ದಾರಿಯಲ್ಲೇ ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧ ಎದುರಾಗಿ, ಹಡಗಿನ ಫಿರಂಗಿಗಳನ್ನು ನೆಲದ ಮೇಲೆ ಎಳೆದೊಯ್ಯಲು ಮರದ ತೊಲೆಗಳಿಂದ ಗಾಡಿ ಮಾಡಿಸಿ ಲೇಡಿಸ್ಮಿತ್‌ಗೆ ಕಳಿಸಿದ್ದೂ ಇವರೇ. 1903ರಲ್ಲಿ ವೇಲ್ ಐಲೆಂಡ್ ಶಾಲೆಯ ಕ್ಯಾಪ್ಟನ್, 1905ರಲ್ಲಿ ಇಡೀ ನೌಕಾಪಡೆಯ ಗುರಿ ಅಭ್ಯಾಸದ ತನಿಖಾಧಿಕಾರಿ.

ನಾಲಿಗೆಯ ಮೇಲೆ ಮಾತ್ರ ಅವರಿಗೆ ಹಿಡಿತವಿರಲಿಲ್ಲ. 1907ರ ನವೆಂಬರಿನಲ್ಲಿ ಜರ್ಮನ್ ಚಕ್ರವರ್ತಿಯ ಭೇಟಿಗೆಂದು ಹಡಗುಗಳಿಗೆ ಬಣ್ಣ ಬಳಿಯಬೇಕೆಂದು ಹಿರಿಯ ಅಡ್ಮಿರಲ್ ಲಾರ್ಡ್ ಚಾರ್ಲ್ಸ್ ಬೆರೆಸ್‌ಫರ್ಡ್ ಆದೇಶಿಸಿದರು. ಅಭ್ಯಾಸದಲ್ಲಿದ್ದ ಹಡಗೊಂದು ಮುಂದುವರಿಯಲು ಅನುಮತಿ ಕೇಳಿದಾಗ, ಈಗ ಗುರಿಗಿಂತ ಬಣ್ಣಕ್ಕೇ ಬೇಡಿಕೆ ಹೆಚ್ಚು, ಬಂದು ಚೆಂದವಾಗಿ ಕಾಣಿಸಿಕೊಳ್ಳಿ ಎಂಬರ್ಥದ ಸಂದೇಶವನ್ನು ಸ್ಕಾಟ್ ಕಳಿಸಿಬಿಟ್ಟರು. ಬೆರೆಸ್‌ಫರ್ಡ್ ಎಲ್ಲರೆದುರು ಸ್ಕಾಟರಿಗೆ ಛೀಮಾರಿ ಹಾಕಿದರು, ಸಂಗತಿ ಪತ್ರಿಕೆಗಳಿಗೂ ಹೋಯಿತು. ಮಾತು ಸತ್ಯವಾಗಿತ್ತು ಎಂಬುದು ನನ್ನ ಅಭಿಪ್ರಾಯ. ಆದರೆ ಸೇನೆಯಲ್ಲಿ ಸತ್ಯವನ್ನು ಯಾವ ಧ್ವನಿಯಲ್ಲಿ ಹೇಳುತ್ತೇವೆ ಎಂಬುದಕ್ಕೂ ಲೆಕ್ಕ ಇಡುತ್ತಾರೆಂಬುದನ್ನು ಕೊಡಗಿನ ಮನೆಮನೆಯಲ್ಲಿರುವ ನಿವೃತ್ತ ಯೋಧರಿಗೆ ನಾನು ವಿವರಿಸಬೇಕಾಗಿಲ್ಲ.

ಪ್ರಶ್ನೆ: ಕೈಲ್ ಪೊಳ್ದ್ ಹಬ್ಬದ ದಿನ ನಮ್ಮೂರಿನ ಹಿರಿಯರು ಮರದ ತುದಿಗೆ ಕಟ್ಟಿದ ತೆಂಗಿನಕಾಯಿಯನ್ನು ಒಂದೇ ಗುಂಡಿಗೆ ಒಡೆಯುತ್ತಾರೆ. ಅಷ್ಟು ದೊಡ್ಡ ಹಡಗಿಗೆ ಗುರಿಯಿಡಲು ವಿಶೇಷ ವಿದ್ಯೆ ಏಕೆ ಬೇಕಿತ್ತು?
— ಕಾಲೇಜು ವಿದ್ಯಾರ್ಥಿನಿ, ಗೋಣಿಕೊಪ್ಪಲು

ಉತ್ತರ: ಕಾಯಿ ಅಲುಗಾಡುವುದಿಲ್ಲ, ಹಿರಿಯರ ಕಾಲು ನೆಲದ ಮೇಲಿರುತ್ತದೆ. ಅದೇ ಹಿರಿಯರನ್ನು ಮಳೆಗಾಲದ ಕಾವೇರಿಯಲ್ಲಿ ಹರಿಗೋಲಿನ ಮೇಲೆ ನಿಲ್ಲಿಸಿ, ಆಚೆ ದಡದಲ್ಲಿ ಓಡುವ ಜೀಪಿನ ಮೇಲೆ ಕಾಯಿಯನ್ನು ಇಟ್ಟು, ನಡುವೆ ಮಡಿಕೇರಿಯ ಜುಲೈ ತಿಂಗಳ ಮಂಜನ್ನು ತುಂಬಿದರೆ ಸಮಸ್ಯೆಯ ಅಂದಾಜು ಸಿಗುತ್ತದೆ. ಅಂದಾಜು ಮಾತ್ರ, ಏಕೆಂದರೆ ದೂರವನ್ನು ನಾವಿನ್ನೂ ಸೇರಿಸಿಲ್ಲ. ಸ್ಕಾಟರ ಪಂದ್ಯಗಳು ನಡೆದದ್ದು ಸುಮಾರು 1,500 ಗಜ ದೂರದಿಂದ. 1916ರಲ್ಲಿ ಬ್ರಿಟಿಷರಿಗೂ ಜರ್ಮನರಿಗೂ ನಡೆದ ಜಟ್‌ಲೆಂಡ್ ಕದನದಲ್ಲಿ ಹಡಗುಗಳು ಪರಸ್ಪರ ಗುಂಡು ಹಾರಿಸತೊಡಗಿದ್ದು ಅದರ ಹತ್ತು ಪಟ್ಟು ದೂರದಿಂದ, ಎಂದರೆ ಮಡಿಕೇರಿಯಲ್ಲಿ ನಿಂತು ಸುಂಟಿಕೊಪ್ಪದಲ್ಲಿರುವುದಕ್ಕೆ ಗುರಿಯಿಟ್ಟ ಹಾಗೆ.

ಅಷ್ಟು ದೂರಕ್ಕೆ ಹೋಗಿ ಬೀಳಲು ಗುಂಡಿಗೆ ಇಪ್ಪತ್ತು ಸೆಕೆಂಡಿಗೂ ಹೆಚ್ಚು ಹೊತ್ತು ಬೇಕು. ಇಪ್ಪತ್ತೈದು ನಾಟ್ ವೇಗದ ಹಡಗು ಆ ಇಪ್ಪತ್ತು ಸೆಕೆಂಡಿನಲ್ಲಿ ಸುಮಾರು 250 ಮೀಟರು, ತನ್ನ ಉದ್ದಕ್ಕಿಂತಲೂ ಹೆಚ್ಚು, ಮುಂದೆ ಹೋಗಿರುತ್ತದೆ. ಹಾಗಾಗಿ ಗುರಿಯಿಡಬೇಕಾದದ್ದು ಹಡಗಿಗಲ್ಲ, ಅದು ಹೋಗಿ ಸೇರಲಿರುವ ಬರಿಯ ನೀರಿಗೆ. ನಮ್ಮ ಹಡಗೂ ಓಡುತ್ತಿರುತ್ತದೆ, ಇಬ್ಬರ ನಡುವಿನ ದೂರ ಕ್ಷಣಕ್ಷಣಕ್ಕೂ ಬದಲಾಗುತ್ತದೆ, ಬದಲಾಗುವ ವೇಗವೂ ಬದಲಾಗುತ್ತದೆ. ಗಾಳಿಯಿದೆ, ಮದ್ದು ಎಷ್ಟು ಬೆಚ್ಚಗಿದೆ ಎಂಬುದಿದೆ, ಈಗಾಗಲೇ ಹಾರಿಸಿದ ಗುಂಡುಗಳಿಂದ ಫಿರಂಗಿಯ ಕೊಳವೆ ಎಷ್ಟು ಸವೆದಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಫ್ರೆಡರಿಕ್ ಡ್ರೇಯರ್ ಬರುವುದು ಇಲ್ಲಿಗೆ. ಇವರು ಹುಟ್ಟಿದ್ದು 1878ರಲ್ಲಿ, ಐರ್ಲೆಂಡಿನಲ್ಲಿ. ತಂದೆ ಡೆನ್ಮಾರ್ಕಿನಿಂದ ಬಂದ ಖಗೋಳಶಾಸ್ತ್ರಜ್ಞ. ಇಂದಿಗೂ ಖಗೋಳಜ್ಞರು ನೀಹಾರಿಕೆಗಳನ್ನು ಗುರುತಿಸಲು ಬಳಸುವ ಎನ್‌ಜಿಸಿ ಸಂಖ್ಯೆಗಳು ಆ ತಂದೆ 1888ರಲ್ಲಿ ಹೊರತಂದ ಪಟ್ಟಿಯವು. ಲೆಕ್ಕ ಮನೆಯಲ್ಲೇ ಇತ್ತು. ಎಕ್ಸ್‌ಮತ್ ಎಂಬ ಯುದ್ಧನೌಕೆಯ ಗನ್ನರಿ ಅಧಿಕಾರಿಯಾಗಿ 1904ರಿಂದ 1907ರವರೆಗೆ ಹೆಸರು ಮಾಡಿದ ಡ್ರೇಯರ್, ಫಿರಂಗಿ ದಳದಲ್ಲಿದ್ದ ತಮ್ಮ ಅಣ್ಣನ ನೆರವಿನೊಂದಿಗೆ ಲೆಕ್ಕ ಮಾಡುವ ಯಂತ್ರವೊಂದರ ಕಲ್ಪನೆಯನ್ನು ಬೆಳೆಸಿದರು. ‘ಡ್ರೇಯರ್ ಟೇಬಲ್’ ಎಂದೇ ಅದಕ್ಕೆ ಹೆಸರು ಬಂತು. ಇದೇ ಸಮಸ್ಯೆಯ ಬೆನ್ನು ಹತ್ತಿ ಆರ್ಥರ್ ಪೊಲೆನ್ ಎಂಬ ಉದ್ಯಮಿಯೂ ಯಂತ್ರ ಮಾಡಿಸಿದ್ದರು. ಯಾರು ಯಾರಿಂದ ತೆಗೆದುಕೊಂಡರು ಎಂಬ ಜಗಳ ವರ್ಷಗಟ್ಟಲೆ ನಡೆದು, ಯುದ್ಧ ಮುಗಿದ ಮೇಲೆ ಪೊಲೆನ್‌ಗೆ 30,000 ಪೌಂಡ್ ಪರಿಹಾರ ಸಿಕ್ಕಿತು. ಇತಿಹಾಸಕಾರರು ಇಂದಿಗೂ ಎರಡು ಬಣವಾಗಿದ್ದಾರೆ.

ಯಂತ್ರವಿದ್ದ ಕೋಣೆ ಹಡಗಿನ ಹೊಟ್ಟೆಯಲ್ಲಿ, ಉಕ್ಕಿನ ಕವಚದ ಕೆಳಗೆ. ಅಲ್ಲಿ ಕಿಟಕಿ ಇಲ್ಲ. ಯುದ್ಧವನ್ನು ನಡೆಸುತ್ತಿರುವ ಜನಕ್ಕೆ ಯುದ್ಧ ಕಾಣುವುದಿಲ್ಲ. ಮಂಚದಷ್ಟು ದೊಡ್ಡ ಕಬ್ಬಿಣದ ಮೇಜಿನ ಸುತ್ತ ಹತ್ತಾರು ಮಂದಿ, ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಹಿಡಿಕೆ. ಮೇಲಿನ ದೂರಮಾಪಕಗಳಿಂದ ಅಂಕಿಗಳು ಬಂದಂತೆ, ನಿಧಾನವಾಗಿ ಸುರುಳಿ ಬಿಚ್ಚಿಕೊಳ್ಳುವ ಕಾಗದದ ಮೇಲೆ ಪೆನ್ಸಿಲು ಚುಕ್ಕೆ ಇಡುತ್ತದೆ. ಚುಕ್ಕೆಗಳು ಒಂದಕ್ಕೊಂದು ಹೊಂದುವುದಿಲ್ಲ, ಏಕೆಂದರೆ ಯಾವ ದೂರಮಾಪಕವೂ ಪೂರ್ಣ ಸತ್ಯ ಹೇಳುವುದಿಲ್ಲ. ಆ ಚುಕ್ಕೆಗಳ ನಡುವೆ ಕಣ್ಣಂದಾಜಿನಲ್ಲಿ ಒಂದು ಗೆರೆ ಹೊಂದಿಸಬೇಕು. ಆ ಗೆರೆಯ ಓರೆಯೇ ದೂರ ಬದಲಾಗುತ್ತಿರುವ ವೇಗ. ತಿರುಗುವ ತಟ್ಟೆಯೂ ಅದಕ್ಕೆ ತಾಗಿಕೊಂಡು ಉರುಳುವ ಚಕ್ರವೂ ಆ ವೇಗವನ್ನು ತೆಗೆದುಕೊಂಡು ಮುಂದಿನ ದೂರವನ್ನು ತಾವೇ ಲೆಕ್ಕ ಹಾಕುತ್ತ ಹೋಗುತ್ತವೆ. ಗುಂಡು ಬಿದ್ದ ಕಡೆ ನೀರು ಕಂಬದಂತೆ ಎದ್ದಾಗ, ಕೂವೆಕಂಬದ ಮೇಲೆ ಕುಳಿತ ಗನ್ನರಿ ಅಧಿಕಾರಿ ಅದು ಶತ್ರುವಿನ ಹಡಗಿನಿಂದ ಈಚೆ ಬಿತ್ತೋ ಆಚೆ ಬಿತ್ತೋ ನೋಡಿ ಮಾತಿನ ಕೊಳವೆಯ ಮೂಲಕ ಕೆಳಕ್ಕೆ ಕೂಗುತ್ತಾನೆ. ಈಚೆಗೊಂದು, ಆಚೆಗೊಂದು ಬಿದ್ದರೆ ಹಡಗು ನಡುವೆ ಸಿಕ್ಕಿತೆಂದು ಅರ್ಥ.

ಕುದುರೆ ಎಳೆಯುವ ಕೆಲಸವೂ ಒಬ್ಬನ ಕೈಗೆ ಹೋಯಿತು. ಇದಕ್ಕಾಗಿ ಹೋರಾಡಿದವರು ನಮ್ಮ ಸ್ಕಾಟರೇ. ಹೊಗೆ, ಅಲೆಗಳ ಎರಚಲು ಇವುಗಳ ನಡುವೆ ಪ್ರತಿ ಫಿರಂಗಿ ಗೋಪುರದವನೂ ತಾನೇ ಗುರಿಯಿಡುವ ಬದಲು, ಎತ್ತರದಲ್ಲಿ ಕುಳಿತ ಒಬ್ಬ ಗುರಿಯಿಡಲಿ, ಅವನ ಗುರಿ ವಿದ್ಯುತ್ ತಂತಿಯಲ್ಲಿ ಎಲ್ಲ ಗೋಪುರಗಳ ಮುಳ್ಳುಗಳಿಗೆ ಹೋಗಲಿ, ಕೆಳಗಿನವರು ಆ ಮುಳ್ಳನ್ನು ಅನುಸರಿಸಿ ಫಿರಂಗಿ ತಿರುಗಿಸಲಿ ಎಂಬುದು ಅವರ ವಾದ. 1912ರ ನವೆಂಬರಿನಲ್ಲಿ ಥಂಡರರ್ ಎಂಬ ಯುದ್ಧನೌಕೆ ಈ ಹೊಸ ಪದ್ಧತಿಯಲ್ಲೂ ಅದರ ಜೊತೆಯ ಓರಿಯನ್ ಹಳೆಯ ಪದ್ಧತಿಯಲ್ಲೂ ಒಂದೇ ದಿನ ಗುಂಡು ಹಾರಿಸಿ ನೋಡಿದಾಗ, ಥಂಡರರ್ ಸುಮಾರು ಆರು ಪಟ್ಟು ಹೆಚ್ಚು ಗುರಿ ಮುಟ್ಟಿತು. ಹಡಗು ಹೊರಳಿದಂತೆ ಚಕ್ರ ತಿರುಗಿಸುತ್ತಿದ್ದ ಸಿಲ್ಲಾದ ಆ ಗುರಿಕಾರನ ಕೌಶಲಕ್ಕೆ, ಅವನನ್ನು ಮೆರೆಸಿದವರೇ ಹೀಗೆ ಬೆಲೆ ಇಲ್ಲದಂತೆ ಮಾಡಿದ್ದು ಈ ಕಥೆಯ ವಿಚಿತ್ರ.

ಪ್ರಶ್ನೆ: ಇಷ್ಟೆಲ್ಲ ತಯಾರಿ ನಡೆಸಿದವರು 1916ರ ಜಟ್‌ಲೆಂಡ್ ಕದನದಲ್ಲಿ ಜರ್ಮನರಿಗಿಂತ ಹೆಚ್ಚು ಹಡಗು ಕಳೆದುಕೊಂಡದ್ದು ಹೇಗೆ?
— ನಿವೃತ್ತ ಸುಬೇದಾರರು, ಸೋಮವಾರಪೇಟೆ

ಉತ್ತರ: ಅಂಕಗಳಿಗೆ ಬಹುಮಾನ ಕೊಡುವ ಪದ್ಧತಿಯ ದೋಷ ಅಲ್ಲಿ ಬಯಲಾಯಿತು. ಎಷ್ಟು ಗುಂಡು, ಎಷ್ಟು ಬೇಗ ಎಂಬುದು ಬ್ರಿಟಿಷ್ ಯುದ್ಧ ಕ್ರೂಸರುಗಳಲ್ಲಿ ಗೀಳಾಗಿತ್ತು. ಬೇಗ ಹಾರಿಸಬೇಕಾದರೆ ಮದ್ದು ಕೈಗೆಟುಕುವಂತಿರಬೇಕು. ಹಾಗಾಗಿ ಮದ್ದಿನ ಕೋಣೆಯ ಬಾಗಿಲುಗಳನ್ನು ತೆರೆದಿಟ್ಟು, ಕಾರ್ಡೈಟ್ ಮದ್ದಿನ ಚೀಲಗಳನ್ನು ಹೊರಗೆ ಪೇರಿಸಿ ಇಡುವ ರೂಢಿ ಬೆಳೆಯಿತು. ಮೇ 31ರ ಸಂಜೆ ಇಂಡಿಫ್ಯಾಟಿಗಬಲ್, ಕ್ವೀನ್ ಮೇರಿ, ಇನ್‌ವಿನ್ಸಿಬಲ್ ಎಂಬ ಮೂರು ಹಡಗುಗಳು ಸಿಡಿದು ಮುಳುಗಿದವು. ಕ್ವೀನ್ ಮೇರಿ ಒಂದರಲ್ಲೇ 1,266 ಜನ ಸತ್ತರು. ಗೋಪುರಕ್ಕೆ ಬಿದ್ದ ಬೆಂಕಿ ಹೊರಗಿಟ್ಟ ಮದ್ದಿನ ಮೂಲಕ ಕೆಳಗಿನ ಕೋಣೆಯವರೆಗೆ ಓಡಿತು ಎಂಬುದೇ ಬಹುತೇಕ ಇತಿಹಾಸಕಾರರ ತೀರ್ಮಾನ.

ಇದನ್ನು ನಂಬಲು ನನಗೆ ಬಲವಾದ ಕಾರಣವೆಂದರೆ ಉಳಿದುಕೊಂಡ ಹಡಗು. ಲಯನ್ ನೌಕೆಗೆ 1915ರಲ್ಲಿ ಮುಖ್ಯ ಗನ್ನರ್ ಆಗಿ ಬಂದ ಅಲೆಕ್ಸಾಂಡರ್ ಗ್ರಾಂಟ್ ಕೆಳಹಂತದಿಂದ ಮೇಲೆ ಬಂದ ವಾರಂಟ್ ಅಧಿಕಾರಿ. ಅವರ ಹೆಸರಿನ ಪಕ್ಕದಲ್ಲಿ ‘ಜಿ’ ಇರಲಿಲ್ಲ. ಮದ್ದನ್ನು ಹೀಗೆ ಬೇಕಾಬಿಟ್ಟಿ ಇಟ್ಟದ್ದನ್ನು ಅವರು ಒಪ್ಪದೆ, ಅಗತ್ಯಕ್ಕಿಂತ ಹೆಚ್ಚಿನ ಚೀಲ ಹೊರಗೆ ಬರಕೂಡದು, ಅನಗತ್ಯ ಬಾಗಿಲು ತೆರೆಯಕೂಡದು ಎಂದು ಕಟ್ಟುನಿಟ್ಟು ಮಾಡಿದರು. ವೇಗ ಕಡಿಮೆಯಾಗುವುದಿಲ್ಲ ಎಂಬುದನ್ನೂ ತೋರಿಸಿಕೊಟ್ಟರು. ಅದೇ ಕದನದಲ್ಲಿ ಲಯನ್‌ನ ಒಂದು ಗೋಪುರಕ್ಕೂ ಗುಂಡು ಬಿತ್ತು. ಮಾರಣಾಂತಿಕವಾಗಿ ಗಾಯಗೊಂಡ ಮೇಜರ್ ಫ್ರಾನ್ಸಿಸ್ ಹಾರ್ವೆ ಸಾಯುವ ಮುನ್ನ ಮದ್ದಿನ ಕೋಣೆಗೆ ನೀರು ಬಿಡಲು ಆದೇಶಿಸಿದರು. ಆ ಗೋಪುರದವರು ಹೆಚ್ಚುಕಡಿಮೆ ಎಲ್ಲರೂ ಸತ್ತರೂ ಹಡಗು ಉಳಿಯಿತು. ಹಾರ್ವೆಗೆ ಮರಣೋತ್ತರವಾಗಿ ವಿಕ್ಟೋರಿಯಾ ಕ್ರಾಸ್ ಬಂತು. ಗ್ರಾಂಟರ ಬಾಗಿಲುಗಳ ಬಗ್ಗೆ ಮಾತಾಡಿದವರು ಕಡಿಮೆ.

ಇನ್‌ವಿನ್ಸಿಬಲ್‌ನ ಗನ್ನರಿ ಅಧಿಕಾರಿ ಡ್ಯಾನ್‌ರಾಯ್ಟರ್ ಅವರ ಸಂಗತಿಯನ್ನೂ ಹೇಳಬೇಕು. ಅವರ ಹಡಗು ಆ ಸಂಜೆ ಬಹಳ ಚೆನ್ನಾಗಿ ಗುಂಡು ಹಾರಿಸುತ್ತಿತ್ತು. ಹೀಗೆಯೇ ಮುಂದುವರಿಸಿ ಎಂದು ಅಡ್ಮಿರಲ್ ಹುಡ್ ಕೊಳವೆಯ ಮೂಲಕ ಅವರನ್ನು ಹೊಗಳಿದ ಕೆಲವೇ ಕ್ಷಣಗಳಲ್ಲಿ ಹಡಗು ಎರಡು ತುಂಡಾಯಿತು. ಸಾವಿರಕ್ಕೂ ಹೆಚ್ಚು ಜನರಲ್ಲಿ ಉಳಿದವರು ಆರು. ಕೂವೆಕಂಬದ ತುದಿಯಲ್ಲಿದ್ದ ಡ್ಯಾನ್‌ರಾಯ್ಟರ್ ಅವರಲ್ಲೊಬ್ಬರು.

ಇನ್ನೊಂದು ಕಾರಣ ಗುಂಡುಗಳದ್ದೇ. ಬ್ರಿಟಿಷರ ಕವಚಭೇದಿ ಗುಂಡುಗಳು ಓರೆಯಾಗಿ ತಾಗಿದಾಗ ಒಳಹೊಕ್ಕು ಸಿಡಿಯುವ ಬದಲು ಹೊರಗೇ ಒಡೆದು ಹೋಗುತ್ತಿದ್ದವು. ಕದನದ ದಿನ ಜೆಲಿಕೊ ಅವರ ಐರನ್ ಡ್ಯೂಕ್ ನೌಕೆಯ ಕ್ಯಾಪ್ಟನ್ ಆಗಿದ್ದ ಡ್ರೇಯರ್, ಮುಂದೆ ಶಸ್ತ್ರಾಸ್ತ್ರ ವಿಭಾಗದ ನಿರ್ದೇಶಕರಾಗಿ ಹೊಸ ಗುಂಡು ಮಾಡಿಸಿದರು. ಅದು ಹಡಗುಗಳಿಗೆ ತಲುಪುವ ಹೊತ್ತಿಗೆ ಯುದ್ಧ ಮುಗಿಯುತ್ತ ಬಂದಿತ್ತು.

ಪ್ರಶ್ನೆ: ಮದ್ರಾಸಿನ ಮೇಲೆ ಗುಂಡು ಹಾರಿಸಿದ ಎಮ್ಡೆನ್ ಹಡಗಿನ ಬಗ್ಗೆ ತಾತ ಹೇಳುತ್ತಿದ್ದರು. ಅದೂ ಈ ವಿದ್ಯೆಯೇ?
— ಓದುಗರು, ವಿರಾಜಪೇಟೆ

ಉತ್ತರ: ಅಲ್ಲಿ ಹೆಚ್ಚು ವಿದ್ಯೆ ಬೇಕಾಗಲಿಲ್ಲ. 1914ರ ಸೆಪ್ಟೆಂಬರ್ 22ರ ರಾತ್ರಿ ಜರ್ಮನ್ ಕ್ರೂಸರ್ ಎಮ್ಡೆನ್ ದಡದ ಹತ್ತಿರಕ್ಕೇ ಬಂದು, ಬೆಳಕು ಚೆಲ್ಲಿ, ಅಲುಗಾಡದ ಎಣ್ಣೆ ಟ್ಯಾಂಕುಗಳ ಕಡೆಗೆ ಸುಮಾರು 130 ಗುಂಡು ಹಾರಿಸಿ ಕತ್ತಲಲ್ಲಿ ಮಾಯವಾಯಿತು. ಗನ್ನರಿಯ ನಿಜವಾದ ಕೈಚಳಕ ಕಂಡದ್ದು ನವೆಂಬರ್ 9ರಂದು ಕೋಕೋಸ್ ದ್ವೀಪಗಳ ಬಳಿ. ತನಗಿಂತ ದೊಡ್ಡ ಫಿರಂಗಿಗಳಿದ್ದ ಆಸ್ಟ್ರೇಲಿಯಾದ ಸಿಡ್ನಿ ನೌಕೆಯ ದೂರಮಾಪಕವನ್ನು ಎಮ್ಡೆನ್ ಮೊದಲ ಕೆಲವು ನಿಮಿಷಗಳಲ್ಲೇ ಹೊಡೆದುರುಳಿಸಿತು. ಆದರೂ ಹತ್ತೂವರೆ ಸೆಂಟಿಮೀಟರಿನ ಫಿರಂಗಿ ಆರು ಇಂಚಿನ ಫಿರಂಗಿಯ ಎದುರು ಎಷ್ಟು ಹೊತ್ತು ನಿಂತೀತು? ಸಿಡ್ನಿ ದೂರ ಸರಿದು ಅಲ್ಲಿಂದಲೇ ಅದನ್ನು ಮುಗಿಸಿತು.

ನನ್ನ ಗಮನ ಸೆಳೆಯುವುದು ಆ ಸೆಪ್ಟೆಂಬರ್ 22ರ ತಾರೀಖು. ಅದೇ ದಿನ ಬೆಳಿಗ್ಗೆ ಉತ್ತರ ಸಮುದ್ರದಲ್ಲಿ ಒಂದೇ ಒಂದು ಜರ್ಮನ್ ಜಲಾಂತರ್ಗಾಮಿ ಮೂರು ಬ್ರಿಟಿಷ್ ಕ್ರೂಸರುಗಳನ್ನು ಮುಳುಗಿಸಿ 1,400ಕ್ಕೂ ಹೆಚ್ಚು ಜನರ ಪ್ರಾಣ ತೆಗೆಯಿತು. ಜಲಾಂತರ್ಗಾಮಿಗಳ ಮುಂದೆ ದೊಡ್ಡ ಯುದ್ಧನೌಕೆಗಳ ಕಾಲ ಮುಗಿಯಿತು ಎಂದು ಆ ವರ್ಷದ ಜೂನ್‌ನಲ್ಲೇ ಪತ್ರಿಕೆಗೆ ಬರೆದು ನಗೆಪಾಟಲಿಗೆ ಗುರಿಯಾಗಿದ್ದವರು ಬೇರಾರೂ ಅಲ್ಲ, ನಿವೃತ್ತರಾಗಿದ್ದ ಪರ್ಸಿ ಸ್ಕಾಟ್. ಜೀವಮಾನವೆಲ್ಲ ಫಿರಂಗಿಯ ಹಿಂದೆ ಕಳೆದವರ ಬಾಯಲ್ಲಿ ಆ ಮಾತು ಬಂದಿತ್ತು. 1915ರಲ್ಲಿ ಸರ್ಕಾರ ಅವರನ್ನು ಮತ್ತೆ ಕರೆದು, ಜರ್ಮನರ ಜೆಪೆಲಿನ್ ವಾಯುನೌಕೆಗಳಿಂದ ಲಂಡನ್ನನ್ನು ಕಾಯುವ ಫಿರಂಗಿಗಳ ಹೊಣೆ ವಹಿಸಿತು. 1924ರಲ್ಲಿ ತೀರಿಕೊಂಡರು. ಡ್ರೇಯರ್ 1933ರಿಂದ 1936ರವರೆಗೆ ಚೀನಾ ನೆಲೆಯ ಮುಖ್ಯಸ್ಥರಾಗಿದ್ದು, ನಿವೃತ್ತರಾದ ಮೇಲೂ ಎರಡನೆಯ ಮಹಾಯುದ್ಧದಲ್ಲಿ ಸರಕು ಹಡಗುಗಳ ಸಾಲನ್ನು ನಡೆಸಲು ಕಡಲಿಗೆ ಮರಳಿ, ಆ ಬಳಿಕ ವ್ಯಾಪಾರಿ ಹಡಗುಗಳ ಫಿರಂಗಿ ತರಬೇತಿಯ ತನಿಖಾಧಿಕಾರಿಯಾದರು.

ಪ್ರಶ್ನೆ: ಆ ಕಾಲದಲ್ಲಿ ಕೊಡಗಿನ ಹುಡುಗನೊಬ್ಬ ಇಂಥ ಅಧಿಕಾರಿ ಆಗಬಹುದಿತ್ತೇ?
— ಶಾಲಾ ಶಿಕ್ಷಕರು, ನಾಪೋಕ್ಲು

ಉತ್ತರ: ಇಲ್ಲ. ನೆಲಸೇನೆಯ ಬಾಗಿಲು ಸ್ವಲ್ಪ ಮೊದಲು ತೆರೆಯಿತು: ಶನಿವಾರಸಂತೆಯಲ್ಲಿ ಹುಟ್ಟಿದ ಕಾರ್ಯಪ್ಪನವರು 1919ರಲ್ಲಿ ಇಂದೋರಿನ ಕೆಡೆಟ್ ಕಾಲೇಜಿನಿಂದ ಅಧಿಕಾರಿಯಾಗಿ ಹೊರಬಂದರು. ಕಡಲಿನ ಕಡೆ ರಾಯಲ್ ಇಂಡಿಯನ್ ಮರೀನ್‌ಗೆ ಮೊದಲ ಭಾರತೀಯ ಅಧಿಕಾರಿ, ಡಿ.ಎನ್. ಮುಖರ್ಜಿ, ಸೇರಿದ್ದು 1928ರಲ್ಲಿ. ಅದೂ ಎಂಜಿನಿಯರ್ ಆಗಿ, ಫಿರಂಗಿಯ ಕಡೆಗಲ್ಲ. ಆ ಪಡೆಗೆ ರಾಯಲ್ ಇಂಡಿಯನ್ ನೇವಿ ಎಂಬ ಹೆಸರು ಬಂದದ್ದು 1934ರಲ್ಲಿ. ನಿಮ್ಮ ವಿದ್ಯಾರ್ಥಿಗಳಲ್ಲಿ ಯಾರಿಗಾದರೂ ಈಗ ಆ ಆಸೆಯಿದ್ದರೆ, ಭಾರತೀಯ ನೌಕಾಪಡೆಯ ಗನ್ನರಿ ಶಾಲೆ ಐ.ಎನ್.ಎಸ್. ದ್ರೋಣಾಚಾರ್ಯ ನಮ್ಮ ನೆರೆಯ ಕೊಚ್ಚಿಯಲ್ಲೇ ಇದೆ. ಆದರೆ ಅಲ್ಲಿಗೆ ಹೋಗುವ ಮುನ್ನ ಕೋವಿಗಿಂತ ಗಣಿತವನ್ನು ಗಟ್ಟಿ ಮಾಡಿಕೊಳ್ಳಲು ಹೇಳಿ.